ಎಂಜಲು ಹಚ್ಚದ ಗಂಟು

ಮೀನು ಹೋಯಿತು. ಕೈಗೆ ಬಂದದ್ದು ಬರೀ ದಾರ. ಅದರ ತುದಿ ಹಂದಿಮರಿಯ ಬಾಲದ ಹಾಗೆ ಸುರುಳಿ ಸುತ್ತಿಕೊಂಡಿತ್ತು.

ಮೀನು ತಪ್ಪಿಸಿಕೊಂಡರೆ ಬೈಯುವ ಮೊದಲು ದಾರದ ತುದಿ ನೋಡಬೇಕು. ಕಲ್ಲಿಗೆ ಉಜ್ಜಿ ಹರಿದಿದ್ದರೆ ತುದಿ ತರಿತರಿಯಾಗಿರುತ್ತದೆ, ಅದರ ಹಿಂದಿನ ಒಂದೆರಡು ಇಂಚು ಬೆರಳಿಗೆ ಒರಟಾಗಿ ಸಿಗುತ್ತದೆ. ಹೀಗೆ ಸುರುಳಿಯಾಗಿದ್ದರೆ ದಾರ ಹರಿದೇ ಇಲ್ಲ, ಗಂಟು ಜಾರಿದೆ. ಅಂದರೆ ಗಂಟು ಹಾಕಿದವರ ತಪ್ಪು. ಅಂದರೆ ನನ್ನದು.

ದಡದ ಬಂಡೆ ಮೇಲೆ ಕೂತಿದ್ದ ಅಪ್ಪ ಕನ್ನಡಕ ಏರಿಸಿ ಅದನ್ನು ನೋಡಿದರು.

"ಎಂತ ಮಾರಾಯ್ತಿ, ಜಾರಿ ಹೋಗಿದೆ ಇದು. ಎಂಜಲು ಹಚ್ಚಿದ್ಯಾ ಇಲ್ವಾ?"

ಹಚ್ಚಿರಲಿಲ್ಲ. ಎಂಜಲು ಮುಟ್ಟಿದರೆ ಕೈ ತೊಳಿ ಅಂತ ಇಪ್ಪತ್ತು ವರ್ಷ ಅಮ್ಮನ ಕೈಲಿ ಬೈಸಿಕೊಂಡು ಬೆಳೆದವಳು ನಾನು.

ಇದು ನಡೆದದ್ದು ಮೇರಿಲ್ಯಾಂಡಿನ ಪಾಯಿಂಟ್ ಆಫ್ ರಾಕ್ಸ್‌ನಲ್ಲಿ, ಪೊಟೋಮ್ಯಾಕ್ ನದಿಯ ದಡದಲ್ಲಿ, ಜುಲೈ ತಿಂಗಳ ಒಂದು ಸಂಜೆ. ಫ್ರೆಡರಿಕ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯೂ ಆಗುವುದಿಲ್ಲ. ಅಪ್ಪ ಅಮ್ಮ ಆರು ತಿಂಗಳಿಗೆ ಬಂದಿದ್ದರು. ಅಪ್ಪ ತೀರ್ಥಹಳ್ಳಿ ಕಡೆಯವರು, ತುಂಗೆಯಲ್ಲಿ ಬಿದಿರು ಕೋಲು, ಎರೆಹುಳು ಇಟ್ಟುಕೊಂಡು ಗಾಳ ಹಾಕಿ ಬೆಳೆದವರು. ಇಲ್ಲಿ ಅವರು ಕೋಲು ಮುಟ್ಟುವ ಹಾಗಿರಲಿಲ್ಲ. ಮೇರಿಲ್ಯಾಂಡಿನಲ್ಲಿ 16 ತುಂಬಿದವರಿಗೆ ಲೈಸೆನ್ಸ್ ಬೇಕು. ನನಗೆ ಇತ್ತು, ಅವರಿಗೆ ಮಾಡಿಸಿರಲಿಲ್ಲ. ಹಾಗಾಗಿ ಕೂತಲ್ಲಿಂದಲೇ ಮಾತು.

ತಪ್ಪಿಸಿಕೊಂಡದ್ದು ಸ್ಮಾಲ್‌ಮೌತ್ ಬ್ಯಾಸ್. ಅಪ್ಪ ಕೊನೆಯವರೆಗೂ ಅದನ್ನು "ಬಾಸ್" ಅಂತಲೇ ಕರೆದರು. "ನಿಮ್ಮ ಆಫೀಸಿನ ಬಾಸ್ ಥರಾನೇ ಕೈಗೆ ಸಿಗಲ್ಲ ಅಲ್ವಾ" ಅಂತ ಒಂದೇ ಜೋಕನ್ನು ದಿನಕ್ಕೆ ಮೂರು ಸಲ. ಕಂಚಿನ ಬಣ್ಣದ ಮೀನು, ಮೈಮೇಲೆ ಅಡ್ಡಡ್ಡ ಕಪ್ಪು ಪಟ್ಟೆ, ಕಣ್ಣು ಕೆಂಪಗೆ. ಬಾಯಿ ಮುಚ್ಚಿದಾಗ ಮೇಲ್ದವಡೆ ಕಣ್ಣು ದಾಟಿ ಹಿಂದಕ್ಕೆ ಹೋಗುವುದಿಲ್ಲ. ದಾಟಿದ್ದರೆ ಅದು ಇದರ ಅಣ್ಣ, ಲಾರ್ಜ್‌ಮೌತ್.

ಈ ಮೀನು ಈ ನದಿಯದಲ್ಲ. 1854ರಲ್ಲಿ ಶ್ರೈವರ್ ಎನ್ನುವವರು ಒಹಾಯೋ ನದಿ ದಡದ ವ್ಹೀಲಿಂಗ್ ಊರಿನ ಕಡೆಯ ಹೊಳೆಯಿಂದ ಇವನ್ನು ತಂದು, ಇದೇ ಪೊಟೋಮ್ಯಾಕಿನ ಮೇಲ್ಭಾಗದ ಕಂಬರ್ಲೆಂಡಿನಲ್ಲಿ ಕಾಲುವೆಯ ನೀರಿಗೆ ಬಿಟ್ಟರು. ತಂದದ್ದು ಬಾಲ್ಟಿಮೋರ್ ಅಂಡ್ ಒಹಾಯೋ ರೈಲಿನಲ್ಲಿ. ತೂತು ಮಾಡಿದ ಬಕೆಟ್ಟಿನಲ್ಲಿ ಮೀನು ಹಾಕಿ, ಉಗಿಬಂಡಿಯ ನೀರಿನ ತೊಟ್ಟಿಯೊಳಗೇ ಇಳಿಬಿಟ್ಟು. ಅಲ್ಲಿಂದ ನದಿಗೆ ಇಳಿದು ಹಬ್ಬಿಕೊಂಡವು. ಈಗಲೂ ಅದೇ ರೈಲು ದಾರಿ ನಾವು ಕೂತಿದ್ದ ದಡದ ಹಿಂದೆಯೇ ಹೋಗುತ್ತದೆ. ಸರಕು ರೈಲು ಬಂದರೆ ಕಾಲ ಕೆಳಗಿನ ಬಂಡೆ ನಡುಗುತ್ತದೆ.

ಸರಿ, ಮನೆಗೆ ಬಂದೆವು. ಗಂಟು ಜಾರಿದ್ದು ನಿಜ. ಆದರೆ ಆ ಮೀನೇನು ತಿಮಿಂಗಿಲ ಅಲ್ಲ, ಹೆಚ್ಚೆಂದರೆ ಒಂದೂವರೆ ಕೆಜಿ ಇದ್ದೀತು. ಅಷ್ಟಕ್ಕೇ ಗಂಟು ಯಾಕೆ ಜಾರಬೇಕು? ರೀಲಿನ ಡ್ರ್ಯಾಗ್ ಯಾಕೆ ದಾರ ಬಿಡಲಿಲ್ಲ? ರಾತ್ರಿ ಊಟ ಮುಗಿದ ಮೇಲೆ ಡೈನಿಂಗ್ ಟೇಬಲ್ ಮೇಲೆ ಹಳೇ ಪೇಪರ್ ಹಾಸಿ, ಕೋಲು ರೀಲು ಎರಡನ್ನೂ ಮಲಗಿಸಿದೆ.

ಇವೆರಡೂ ಗ್ಯಾರೇಜ್ ಸೇಲಿನಲ್ಲಿ ಎಂಟು ಡಾಲರಿಗೆ ಸಿಕ್ಕಿದ್ದವು. ಆರೂವರೆ ಅಡಿಯ ಗ್ರಾಫೈಟ್ ಕೋಲು, 2500 ಸೈಜಿನ ಸ್ಪಿನ್ನಿಂಗ್ ರೀಲು. ನದಿ ದಡದಿಂದ ಸ್ಮಾಲ್‌ಮೌತ್ ಹಿಡಿಯಲು ಇದು ಸರಿಯಾದ ಅಳತೆ. ಇನ್ನೂ ಉದ್ದದ ಕೋಲು ತಗೊಂಡರೆ ದಡದ ಮರದ ಕೊಂಬೆಗೇ ಗಾಳ ಜಾಸ್ತಿ ಬೀಳುತ್ತದೆ.

ಮೊದಲು ಡ್ರ್ಯಾಗ್ ಪರೀಕ್ಷೆ. ಡ್ರ್ಯಾಗ್ ಅಂದರೆ ಸ್ಪೂಲಿನೊಳಗೆ, ದಾರ ಸುತ್ತಿಕೊಳ್ಳುವ ಉರುಳೆಯೊಳಗೆ, ಇರುವ ಬ್ರೇಕು. ಮೀನು ಜೋರಾಗಿ ಎಳೆದಾಗ ದಾರ ಹರಿಯುವ ಮೊದಲೇ ಸ್ಪೂಲು ತಿರುಗಿ ದಾರ ಬಿಡಬೇಕು. ಸಾಮಾನ್ಯವಾಗಿ ದಾರದ ತಾಕತ್ತಿನ ಕಾಲು ಭಾಗದಿಂದ ಮೂರನೇ ಒಂದು ಭಾಗದ ಒಳಗೆ ಅದನ್ನು ಇಡುತ್ತಾರೆ. ನನ್ನ ತುದಿ ದಾರ 8 ಪೌಂಡಿನದು, ಅಂದರೆ ಸುಮಾರು 3.6 ಕೆಜಿ. ಡ್ರ್ಯಾಗ್ ಒಂದು ಕೆಜಿ ಆಸುಪಾಸು ಬಿಡಬೇಕು. ಒಂದು ಲೀಟರ್ ನೀರಿನ ಬಾಟಲಿ ಅಂದರೆ ಒಂದು ಕೆಜಿ, ಇದಕ್ಕಿಂತ ಒಳ್ಳೇ ತೂಕದ ಕಲ್ಲು ಬೇಕಾ? ರೀಲಿನಿಂದ ನೇರವಾಗಿ ಬಾಟಲಿ ಇಳಿಬಿಟ್ಟೆ. ನೆಟ್ಟಗೆ ನಿಂತಿತು. ಎರಡು ಬಾಟಲಿ. ಅಲ್ಲಾಡಲಿಲ್ಲ. ಮೂರನೆಯದನ್ನು ಕಟ್ಟಿದ ತಕ್ಷಣ ಟಪ್ ಅಂತ ಒಂದೇ ಸಲ ಬಿಟ್ಟು, ಮೂರೂ ಬಾಟಲಿ ನೆಲಕ್ಕೆ. ಅಮ್ಮ ಒಳಗಿಂದ "ಏನೇ ಅದು?" ಅಂದರು.

ಅದೇ ಕಾಯಿಲೆ. ಬ್ರೇಕು ಹಿಡಿದುಕೊಂಡು ನಿಂತಿತ್ತು, ಆಮೇಲೆ ಜರ್ಕ್ ಹೊಡೆದು ಬಿಡುತ್ತಿತ್ತು. ಅಷ್ಟೂ ಏಟು ಗಂಟಿನ ಮೇಲೆ.

ರೀಲಿನ ಮುಂದಿನ ತಿರುಪು ಬಿಚ್ಚಿ ಸ್ಪೂಲು ತೆಗೆದೆ. ಒಳಗೆ ಬಿಲ್ಲೆಗಳನ್ನು ಹಿಡಿದಿಡಲು ತೆಳ್ಳಗಿನ ತಂತಿಯ ರಿಂಗ್ ಒಂದಿರುತ್ತದೆ. ಅದನ್ನು ಸೂಜಿಯಿಂದ ಮೀಟಿದೆ. ಮೀಟುವಾಗ ಮೇಲೆ ಬೆರಳು ಇಟ್ಟುಕೊಳ್ಳಬೇಕು ಅಂತ ಗೊತ್ತಿತ್ತು, ಇಟ್ಟುಕೊಳ್ಳಲಿಲ್ಲ. ಟಿಣ್ ಅಂದ ಸದ್ದು ಕೇಳಿತು, ರಿಂಗ್ ಕಾಣಲಿಲ್ಲ. ಅರ್ಧ ಗಂಟೆ ಅಪ್ಪ ನಾನು ಇಬ್ಬರೂ ಮೊಣಕಾಲ ಮೇಲೆ. ಕೊನೆಗೆ ಫ್ರಿಡ್ಜ್ ಬಾಗಿಲಿನ ಮ್ಯಾಗ್ನೆಟ್ ಒಂದನ್ನು ಸ್ಕೇಲಿಗೆ ಅಂಟಿಸಿ, ಫ್ರಿಡ್ಜಿನ ಅಡಿಗೆ ತೂರಿಸಿ ಎಳೆದರೆ ಧೂಳು, ಒಂದು ಬಟಾಣಿ, ರಿಂಗ್ ಮೂರೂ ಬಂದವು. ಆಮೇಲಿಂದ ಇಂಥ ಕೆಲಸವನ್ನೆಲ್ಲ ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಕೈ ಇಟ್ಟುಕೊಂಡೇ ಮಾಡುತ್ತೇನೆ.

ಬಿಲ್ಲೆಗಳನ್ನು ತೆಗೆಯುವಾಗ ಒಂದೊಂದಕ್ಕೂ ಫೋಟೋ ತೆಗೆದೆ. ಲೋಹದ ಬಿಲ್ಲೆ, ಉಣ್ಣೆಬಟ್ಟೆಯಂಥ ಫೆಲ್ಟ್ ಬಿಲ್ಲೆ, ಮತ್ತೆ ಲೋಹ, ಮತ್ತೆ ಫೆಲ್ಟ್. ಈ ವರಸೆ ತಪ್ಪಿದರೆ ಬ್ರೇಕು ಕೆಲಸ ಮಾಡುವುದಿಲ್ಲ. ಫೆಲ್ಟ್ ಹಪ್ಪಳದಂತೆ ಒಣಗಿ, ಹಳೇ ಗ್ರೀಸು ಮೇಣವಾಗಿ ಅಂಟಿಕೊಂಡಿತ್ತು. ಲೋಹದ ಬಿಲ್ಲೆಗಳನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒರೆಸಿದೆ. ಫೆಲ್ಟನ್ನು ಒಣ ಬಟ್ಟೆಯಲ್ಲಿ ಒತ್ತಿ ಹಳೆಯ ಜಿಡ್ಡು ತೆಗೆದು, ಡ್ರ್ಯಾಗಿಗೇ ಅಂತ ಬರುವ ಗ್ರೀಸನ್ನು ತೆಳ್ಳಗೆ ಸವರಿದೆ. ಯಾವುದೋ ಗ್ರೀಸು ಆದೀತು ಅನ್ನಬೇಡಿ. ಗ್ಯಾರೇಜಿನ ಗ್ರೀಸು ಹಾಕಿದರೆ ಇದೇ ಕತೆ ಮತ್ತೆ.

ಈಗ ಒಂದು ಬಾಟಲಿ ಕಟ್ಟಿ ತಿರುಪು ಹೊಂದಿಸಿದೆ. ಬಾವಿಗೆ ಕೊಡ ಇಳಿದ ಹಾಗೆ ಬಾಟಲಿ ನಿಧಾನವಾಗಿ, ಒಂದೇ ಸಮ ಇಳಿಯಿತು. ಅಪ್ಪ ಅದನ್ನು ನಾಲ್ಕು ಸಲ ಮಾಡಿಸಿ ನೋಡಿದರು. ಕೆಲಸ ಮುಗಿದ ಮೇಲೆ ಡ್ರ್ಯಾಗ್ ತಿರುಪನ್ನು ಸಡಿಲ ಮಾಡಿಯೇ ರೀಲನ್ನು ಎತ್ತಿಡಬೇಕು. ಬಿಗಿ ಮಾಡಿ ವರ್ಷಗಟ್ಟಲೆ ಇಟ್ಟದ್ದಕ್ಕೇ ಫೆಲ್ಟು ಹಾಗೆ ಹಪ್ಪಳವಾದದ್ದು ಅಂತ ನನ್ನ ಅನುಮಾನ.

ಮರುದಿನ ಭಾನುವಾರ. ದಾರ ಯಾಕೆ ಸದಾ ಹುರಿಗೊಂಡು ಗೋಜಲಾಗುತ್ತದೆ ಅನ್ನುವುದು ಎರಡನೇ ಪ್ರಶ್ನೆ. ರೀಲಿನ ಪಕ್ಕದಲ್ಲಿ ಬೇಲ್ ಅನ್ನುವ ತಂತಿಯ ಕೈ ಇರುತ್ತದಲ್ಲ, ಅದರ ಬುಡದಲ್ಲಿ ಒಂದು ಪುಟಾಣಿ ರೋಲರ್ ಇದೆ. ದಾರ ಅದರ ಮೇಲೆ ಹಾದು ಸ್ಪೂಲಿಗೆ ಬರುತ್ತದೆ. ಅದು ತಿರುಗಬೇಕು. ತಿರುಗುತ್ತಿದೆಯೋ ಇಲ್ಲವೋ ಬರೀ ಕಣ್ಣಿಗೆ ಗೊತ್ತಾಗುವುದಿಲ್ಲ. ರೋಲರ್ ಮೇಲೆ ಮಾರ್ಕರಿನಿಂದ ಒಂದು ಚುಕ್ಕಿ ಇಟ್ಟು ದಾರ ಸುತ್ತಿದೆ. ಚುಕ್ಕಿ ಇದ್ದಲ್ಲೇ ಇತ್ತು. ತಿರುಗದ ರೋಲರ್ ಮೇಲೆ ದಾರ ಉಜ್ಜಿಕೊಂಡು, ಹೊರಳಿಕೊಂಡು ಬರುತ್ತದೆ, ಒಂದೊಂದು ಸುತ್ತಿಗೂ ಒಂದಿಷ್ಟು ಹುರಿ ಸೇರುತ್ತದೆ. ಸ್ಕ್ರೂ ಬಿಚ್ಚಿದರೆ ಒಳಗೆ ಹೊಳೆಯ ಸಣ್ಣ ಮರಳು. ತೊಳೆದು, ಒಣಗಿಸಿ, ಒಂದೇ ಒಂದು ಹನಿ ರೀಲ್ ಎಣ್ಣೆ. ಚುಕ್ಕಿ ಗಿರಗಿರ ತಿರುಗಿತು.

ಹುರಿ ತಡೆಯಲು ಇನ್ನೊಂದು ಅಭ್ಯಾಸವಿದೆ, ಇದು ಪುಕ್ಕಟೆ. ಗಾಳ ಎಸೆದ ಮೇಲೆ ಹಿಡಿಕೆ ತಿರುಗಿಸಿ ಬೇಲ್ ಮುಚ್ಚಬೇಡಿ, ಎಡಗೈಯಿಂದಲೇ ಮುಚ್ಚಿ. ಈಗಾಗಲೇ ಹುರಿಗೊಂಡ ದಾರ ಇದ್ದರೆ ತುದಿಯಲ್ಲಿ ಏನೂ ಕಟ್ಟದೆ ಹೊಳೆಯ ಸೆಳವಿಗೆ ಉದ್ದಕ್ಕೆ ಬಿಟ್ಟು, ಸ್ವಲ್ಪ ಹೊತ್ತು ಹಾಗೇ ಹಿಡಿದು, ಬೆರಳ ನಡುವೆ ಒತ್ತಿ ವಾಪಸ್ ಸುತ್ತಿ. ಹುರಿಯನ್ನು ನೀರೇ ಬಿಚ್ಚಿಕೊಡುತ್ತದೆ. ಕೆರೆಯಲ್ಲಿ ಈ ಸೌಲಭ್ಯ ಇಲ್ಲ.

ಕೋಲಿನ ತುದಿಯ ಉಂಗುರ ಕೂಡ ನೋಡಬೇಕಿತ್ತು. ಅದರೊಳಗೆ ಸೆರಾಮಿಕ್ ಬಳೆ ಇರುತ್ತದೆ. ಕೂದಲೆಳೆಯ ಬಿರುಕು ಬಿಟ್ಟರೂ ಸಾಕು, ದಾರವನ್ನು ಪ್ರತಿ ಎಸೆತಕ್ಕೂ ಒಂದಿಷ್ಟು ಕೆರೆಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಹತ್ತಿಗೆ ಸಿಗುತ್ತದೆ. ಇಲ್ಲಿನವರು ಕಿವಿಗೆ ಹಾಕುವ ಹತ್ತಿ ಕಡ್ಡಿ ಉಪಯೋಗಿಸುತ್ತಾರೆ. ನಾನು ದೇವರ ದೀಪಕ್ಕೆ ಅಮ್ಮ ಹೊಸೆದಿಟ್ಟಿದ್ದ ಬತ್ತಿ ಒಂದನ್ನು ಕದ್ದೆ. ಉಂಗುರದೊಳಗೆ ತೂರಿಸಿ ಸುತ್ತ ಆಡಿಸಿದರೆ ಒಂದು ಕಡೆ ಎಳೆ ಸಿಕ್ಕಿಕೊಂಡಿತು. ಬಿರುಕು ಅಲ್ಲೇ. ಅಮ್ಮ ನೋಡಿದರು, ಏನೂ ಅನ್ನಲಿಲ್ಲ, ಡಬ್ಬಿಯನ್ನು ಮೇಲಿನ ಕಪಾಟಿಗೆ ಎತ್ತಿಟ್ಟರು.

ತುದಿ ಉಂಗುರ ಬದಲಾಯಿಸುವುದು ಸುಲಭ. ಲೈಟರ್ ಉರಿಯನ್ನು ಲೋಹದ ಕೊಳವೆಗೆ ಮಾತ್ರ, ಅದೂ ಕ್ಷಣಕ್ಷಣ ತೋರಿಸಿ ತೆಗೆದರೆ ಒಳಗಿನ ಅಂಟು ಕರಗುತ್ತದೆ, ಇಕ್ಕಳದಿಂದ ನೆಟ್ಟಗೆ ಎಳೆದರೆ ಬರುತ್ತದೆ. ಉರಿ ಗ್ರಾಫೈಟಿಗೆ ತಗುಲಿದರೆ ಕೋಲು ಸುಟ್ಟ ಕಡ್ಡಿಯ ಹಾಗೆ ಮುರಿಯುತ್ತದೆ. ಹೊಸ ಉಂಗುರದ ಕೊಳವೆ ಅಳತೆಯನ್ನು ಇಂಚಿನ 64ನೇ ಭಾಗದಲ್ಲಿ ಹೇಳುತ್ತಾರೆ. 5 ಅಂತ ಬರೆದಿದ್ದರೆ ಇಂಚಿನ 64ರಲ್ಲಿ 5 ಭಾಗ. ನನ್ನ ಹತ್ತಿರ ಅಳೆಯುವ ಸಾಧನ ಇರಲಿಲ್ಲ, ಬೇರೆ ಬೇರೆ ಅಳತೆಯ ಉಂಗುರಗಳಿದ್ದ ಪೊಟ್ಟಣವನ್ನೇ ತರಿಸಿದೆ. ಬಿಸಿ ಅಂಟು ಸವರಿ ಕೂರಿಸಿ, ಅಂಟು ಆರುವ ಮೊದಲು ಕೋಲಿನ ಬುಡದಿಂದ ಒಂದು ಕಣ್ಣು ಮುಚ್ಚಿ ನೋಡಿ, ಉಳಿದ ಉಂಗುರಗಳ ಸಾಲಿಗೆ ತಿರುಗಿಸಿಟ್ಟೆ.

ಉಳಿದದ್ದು ದಾರ. ಸ್ಪೂಲಿನಲ್ಲಿದ್ದ ಹಳೆಯದನ್ನೆಲ್ಲ ಬಿಚ್ಚಿ ತೆಗೆದೆ. ಬಿಚ್ಚುವಾಗ ಇನ್ನೊಂದು ತಪ್ಪು ಸಿಕ್ಕಿತು. ಹಿಂದೆ ನಾನು ಬ್ರೇಡನ್ನು, ಅಂದರೆ ಹೆಣೆದ ದಾರವನ್ನು, ಬರೀ ಲೋಹದ ಸ್ಪೂಲಿನ ಮೇಲೆ ಕಟ್ಟಿದ್ದೆ. ಬ್ರೇಡ್ ನುಣುಪು, ಹಿಗ್ಗುವುದೂ ಇಲ್ಲ. ಇಡೀ ಸುತ್ತೇ ಒಂದು ಉಂಡೆಯಾಗಿ ಸ್ಪೂಲಿನ ಮೇಲೆ ಜಾರುತ್ತದೆ. ಈ ಸಲ ಮೊದಲು ಸಾದಾ ನೈಲಾನ್ ದಾರ ಹದಿನೈದು ಸುತ್ತು, ಅದರ ಮೇಲೆ 10 ಪೌಂಡಿನ ಬ್ರೇಡ್. ಹೊಸ ದಾರದ ಉಂಡೆಗೆ ಪೆನ್ಸಿಲ್ ತೂರಿಸಿ ಅಪ್ಪ ಹಿಡಿದುಕೊಂಡರು, ನಾನು ಒದ್ದೆ ಬಟ್ಟೆಯೊಳಗಿಂದ ಬಿಗಿಯಾಗಿ ಸುತ್ತಿದೆ. ಅಂಚಿಗಿಂತ ಮೂರು ಮಿಲಿಮೀಟರ್ ಕೆಳಗೆ ನಿಲ್ಲಿಸಬೇಕು. ಇನ್ನೂ ತುಂಬಿದರೆ ಎಸೆದಾಗ ದಾರ ಹಕ್ಕಿಗೂಡಿನ ಹಾಗೆ ಗೋಜಲು, ಕಡಿಮೆಯಾದರೆ ದೂರ ಹೋಗುವುದಿಲ್ಲ.

ಬ್ರೇಡಿನ ತುದಿಗೆ ಒಂದು ಮಾರುದ್ದ 8 ಪೌಂಡಿನ ಫ್ಲೋರೋಕಾರ್ಬನ್ ಅನ್ನುವ ಪಾರದರ್ಶಕ ದಾರ. ನೀರಿನೊಳಗೆ ಅಷ್ಟಾಗಿ ಕಾಣುವುದಿಲ್ಲ, ಕಲ್ಲಿಗೆ ಉಜ್ಜಿದರೂ ತಡೆಯುತ್ತದೆ. ಪೊಟೋಮ್ಯಾಕಿನ ತಳ ಪೂರ್ತಿ ಕಲ್ಲು. ಈ ಎರಡು ದಾರ ಸೇರಿಸಲು ಡಬಲ್ ಯೂನಿ ಗಂಟು. ಎರಡೂ ತುದಿಗಳನ್ನು ಎದುರುಬದುರಾಗಿ ಒಂದು ಗೇಣು ಜೊತೆಗೆ ಮಲಗಿಸಿ. ಬ್ರೇಡಿನ ತುದಿಯನ್ನು ಹಿಂದಕ್ಕೆ ಮಡಚಿ ಕುಣಿಕೆ ಮಾಡಿ, ಅದೇ ತುದಿಯನ್ನು ಕುಣಿಕೆಯೊಳಗಿಂದ ಎರಡೂ ದಾರ ಬಳಸಿ ಎಂಟು ಸಲ ಸುತ್ತಿ ಎಳೆಯಿರಿ. ಫ್ಲೋರೋಕಾರ್ಬನ್ ಕಡೆಯಿಂದಲೂ ಹಾಗೇ, ಅದಕ್ಕೆ ಐದು ಸುತ್ತು ಸಾಕು. ಬ್ರೇಡಿಗೆ ಸುತ್ತು ಜಾಸ್ತಿ ಬೇಕು, ಅದು ನುಣುಪಿನ ಕಳ್ಳ. ಈಗ ಒದ್ದೆ ಮಾಡಿ ಎರಡೂ ಉದ್ದ ದಾರ ಎಳೆದರೆ ಗಂಟುಗಳು ಜಾರಿ ಬಂದು ಒಂದಕ್ಕೊಂದು ಅಂಟಿ ಕೂರುತ್ತವೆ.

ಇನ್ನು ಗಾಳದ ಕಣ್ಣಿಗೆ ಕಟ್ಟುವ ಗಂಟು. ಮೀನು ಕಳೆದದ್ದು ಇಲ್ಲಿ. ಇಂಡಿಯಾಕ್ಕೆ ಹೋಗುವ ಪ್ರತಿ ಮನೆಯಲ್ಲೂ ಒಂದು ಲಗೇಜ್ ತಕ್ಕಡಿ ಇರುತ್ತದಲ್ಲ, 23 ಕೆಜಿ ದಾಟಿತೋ ಅಂತ ಸೂಟ್‌ಕೇಸ್ ಎತ್ತಿ ನೋಡುವುದು. ಅದನ್ನು ಹೊರಗೆ ತೆಗೆದೆ. ಗಾಳವನ್ನು ತಕ್ಕಡಿಯ ಕೊಂಡಿಗೆ ಸಿಕ್ಕಿಸಿ, ದಾರದ ಇನ್ನೊಂದು ತುದಿಯನ್ನು ಲಟ್ಟಣಿಗೆಗೆ ಸುತ್ತಿ ಎಳೆಯುವುದು. ಬರಿಗೈಗೆ ಸುತ್ತಿಕೊಂಡರೆ ಬೆರಳು ಕೊಯ್ಯುತ್ತದೆ. ಕನ್ನಡಕವೂ ಬೇಕು, ಹರಿದರೆ ಗಾಳ ಯಾವ ಕಡೆ ಹಾರುತ್ತದೋ ಹೇಳಲಾಗದು.

ಮೊದಲು ಆ ಸಂಜೆ ಹಾಕಿದ್ದ ಗಂಟನ್ನೇ ಹಾಕಿದೆ. ಕ್ಲಿಂಚ್ ಗಂಟು, ಅಂದರೆ ಗಾಳದ ಕಣ್ಣು ದಾಟಿದ ತುದಿಯನ್ನು ದಾರಕ್ಕೇ ಸುತ್ತಿ, ಕಣ್ಣಿನ ಪಕ್ಕದ ಕುಣಿಕೆಯೊಳಗೆ ತೂರಿಸಿ ಬಿಗಿಯುವುದು. ಕತ್ತಲಾಗುತ್ತಿದೆ ಅಂತ ಆತುರಕ್ಕೆ ಮೂರೇ ಸುತ್ತು, ಒಣಗಿದ್ದಂತೆಯೇ ಬಿಗಿದು, ತುದಿಯನ್ನು ಗಂಟಿಗೆ ಒತ್ತಿ ಕತ್ತರಿಸಿದ್ದು. ಎಳೆದೆ. ಎರಡು ಕೆಜಿಯೂ ದಾಟಲಿಲ್ಲ. ಜುಯ್ ಅಂತ ಜಾರಿ ಬಂತು. ತುದಿ ನೋಡಿದರೆ ಅದೇ ಹಂದಿಮರಿ ಬಾಲ! ಮೂರು ಸಲ ಮಾಡಿದೆ, ಮೂರು ಬಾಲ. ಅವನ್ನು ಟೇಬಲ್ ಮೇಲೆ ಸಾಲಾಗಿ ಇಟ್ಟು, ಹೊಳೆಯಿಂದ ತಂದದ್ದನ್ನು ಪಕ್ಕದಲ್ಲಿ ಇಟ್ಟೆ. ಯಾವುದು ಯಾವುದು ಅಂತ ಗೊತ್ತಾಗಲಿಲ್ಲ.

ಅದೇ ಕ್ಲಿಂಚ್, ಐದು ಸುತ್ತು, ಒದ್ದೆ ಮಾಡಿ ಬಿಗಿದದ್ದು, ಮೂರು ಕೆಜಿ ಹತ್ತಿರ ಹೋಗಿ ಹರಿಯಿತು. ಹರಿಯಿತು, ಜಾರಲಿಲ್ಲ. ಐದು ಸುತ್ತು ಹಾಕಿ ಒಣಗಿದ್ದಂತೆಯೇ ಬಿಗಿದದ್ದನ್ನು ಭೂತಗನ್ನಡಿಯಲ್ಲಿ ನೋಡಿದೆ. ಗಂಟಿನ ಮೇಲಿನ ದಾರ ಗುಂಗುರು ಕೂದಲಿನ ಹಾಗೆ ಸುಕ್ಕಾಗಿತ್ತು. ಒಣ ದಾರ ತನ್ನ ಮೈಗೆ ತಾನೇ ಉಜ್ಜಿಕೊಂಡು ಬಿಸಿಯಾಗಿ ಮೆತ್ತಗಾಗುತ್ತದೆ, ಫ್ಲೋರೋಕಾರ್ಬನ್ನಿಗೆ ಇದು ಇನ್ನೂ ಜಾಸ್ತಿ. ಜೊತೆಗೆ ಸುತ್ತುಗಳು ಒಂದರ ಪಕ್ಕ ಒಂದು ಸಾಲಾಗಿ ಕೂರುವುದಿಲ್ಲ, ಒಂದರ ಮೇಲೊಂದು ಹತ್ತಿಕೊಂಡು ನಿಲ್ಲುತ್ತವೆ. ಬಿಗಿಯಾದಂತೆ ಕಾಣುತ್ತದೆ, ಬಿಗಿಯಾಗಿರುವುದಿಲ್ಲ.

ಕೊನೆಗೆ ಪಾಲೋಮರ್. ದಾರವನ್ನು ಜೋಡಿಯಾಗಿ ಮಡಚಿ ಗಾಳದ ಕಣ್ಣೊಳಗೆ ತೂರಿಸಿ, ಆ ಜೋಡಿ ದಾರಕ್ಕೆ ಸಾದಾ ಗಂಟು ಒಂದನ್ನು ಸಡಿಲವಾಗಿ ಹಾಕಿ, ಉಳಿದ ಕುಣಿಕೆಯೊಳಗಿಂದ ಇಡೀ ಗಾಳವನ್ನೇ ದಾಟಿಸಿ, ಒದ್ದೆ ಮಾಡಿ ಎಳೆದರೆ ಮುಗಿಯಿತು. ಮೂರರಲ್ಲಿ ಇದೇ ಗಟ್ಟಿ ಬಂತು. ಕತ್ತಲಲ್ಲೂ ಹಾಕಬಹುದು. ನನ್ನ ಮಟ್ಟಿಗೆ ಕ್ಲಿಂಚ್ ಅಲ್ಲಿಗೆ ಮುಗಿಯಿತು. ನನ್ನ ತಕ್ಕಡಿ ಪ್ರಯೋಗಶಾಲೆಯದಲ್ಲ, ಇನ್ನೊಬ್ಬರ ಕೈಲಿ ಅಂಕಿ ಬೇರೆ ಬಂದೀತು. ಆ ಬಾಲಗಳು ಮಾತ್ರ ಸುಳ್ಳು ಹೇಳುವುದಿಲ್ಲ.

ಅಪ್ಪ ಲಟ್ಟಣಿಗೆ ಹಿಡಿದುಕೊಂಡೇ ಹೇಳಿದರು, "ನಾವು ಸಣ್ಣವರಿದ್ದಾಗ ಗಂಟು ಬಾಯಲ್ಲಿಟ್ಟೇ ಬಿಗೀತಿದ್ವಿ. ಯಾಕೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ."

"ಥೂ, ಎರೆಹುಳು ಮುಟ್ಟಿದ ಕೈ" ಅಂದರು ಅಮ್ಮ. ಲಟ್ಟಣಿಗೆಯನ್ನು ಎರಡು ಸಲ ತೊಳೆದರು.

ಮುಂದಿನ ಶನಿವಾರ ಸಂಜೆ ಮತ್ತೆ ಅದೇ ಜಾಗ. ಹೊರಡುವ ಮೊದಲು ಪಾಯಿಂಟ್ ಆಫ್ ರಾಕ್ಸ್‌ನ ನೀರಿನ ಮಟ್ಟ ಫೋನಿನಲ್ಲಿ ನೋಡಿದೆ. ಮೇಲಿನ ಬೆಟ್ಟಗಳಲ್ಲಿ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ, ಕೆಂಪಾಗಿ ಬಂದರೆ ಆ ದಿನ ದಡಕ್ಕೂ ಇಳಿಯಬಾರದು. ಅವತ್ತು ನೀರು ತಿಳಿಯಾಗಿ ತಗ್ಗಿತ್ತು.

ದಡದಿಂದ ಹಿಡಿಯುವವರಿಗೆ ಇಡೀ ಹೊಳೆ ಬೇಕಾಗಿಲ್ಲ. ದೊಡ್ಡ ಬಂಡೆಯ ಹಿಂದೆ ಸೆಳವು ಒಡೆದು ನೀರು ನಿಧಾನವಾಗಿ ಹಿಂದಕ್ಕೆ ತಿರುಗುವ ಜಾಗ ಇರುತ್ತದಲ್ಲ, ಬ್ಯಾಸ್ ಅಲ್ಲಿ ನಿಂತು ಸೆಳವಿನಲ್ಲಿ ಬರುವ ಊಟ ಕಾಯುತ್ತದೆ. ಅಪ್ಪನಿಗೆ ಇದನ್ನು ವಿವರಿಸಲು ಹೋದೆ. ಅವರು ಆಗಲೇ ಬೆರಳು ತೋರಿಸುತ್ತಿದ್ದರು, "ಅಗ, ಆ ಕಲ್ಲಿನ ಕೆಳಗೆ ಮಡು ಉಂಟು, ಅಲ್ಲಿ ಹಾಕು." ತುಂಗೆಯಾದರೇನು, ಪೊಟೋಮ್ಯಾಕ್ ಆದರೇನು.

ಕಟ್ಟಿದ್ದು ಮೂರೂವರೆ ಗ್ರಾಂ ತೂಕದ ಜಿಗ್, ಅಂದರೆ ತಲೆಗೆ ಲೋಹದ ಗುಂಡು ಇರುವ ಗಾಳ, ಮೇಲೆ ಹಸಿರು ಕಂದು ಬಣ್ಣದ ಟ್ಯೂಬ್ ಅನ್ನುವ ಮೆತ್ತನೆಯ ಪ್ಲಾಸ್ಟಿಕ್ ಹುಸಿ ಎರೆ. ಇಲ್ಲಿ ಕಲ್ಲಿನಡಿ ಸಿಗುವ ಕ್ರೇಫಿಶ್ ಅಂದರೆ, ಸಿಗಡಿಗೆ ಏಡಿಯ ಕೈ ಅಂಟಿಸಿದಂಥ ಪ್ರಾಣಿ, ಸ್ಮಾಲ್‌ಮೌತಿಗೆ ಪಂಚಪ್ರಾಣ. ಟ್ಯೂಬ್ ಅದರ ವೇಷ. ಕೊಕ್ಕೆಯ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿಟ್ಟಿದ್ದೆ, ಬಿಡುವಾಗ ಮೀನಿಗೆ ಗಾಯ ಕಡಿಮೆ. ಬಂಡೆಗಿಂತ ಹೊಳೆಯ ಮೇಲುಗಡೆಗೆ ಎಸೆದು, ಎಳೆಯದೆ, ದಾರ ಮಾತ್ರ ಬಿಗಿ ಇಟ್ಟುಕೊಂಡು ಸೆಳವಿನ ಜೊತೆ ತೇಲಲು ಬಿಟ್ಟೆ. ನಾಲ್ಕೋ ಐದೋ ಎಸೆತ. ಟಕ್ ಟಕ್ ಅಂತ ಕಲ್ಲು ತಾಕುತ್ತಿತ್ತು. ಆಮೇಲೆ ಒಂದು ಟಕ್ ಕಲ್ಲಿನದಾಗಿರಲಿಲ್ಲ.

ಕೋಲು ಬಾಗಿತು. ರೀಲು ಜರ್ಕ್ ಹೊಡೆಯದೆ ಜರ್ರ್ ಅಂತ ಒಂದೇ ಸಮ ದಾರ ಬಿಟ್ಟಿತು, ಬಾಟಲಿ ಇಳಿದ ಹಾಗೇ. ಮೀನು ಒಮ್ಮೆ ನೀರಿನಿಂದ ಪೂರ್ತಿ ಮೇಲಕ್ಕೆ ಹಾರಿ ತಲೆ ಕೊಡವಿತು. ಹಿಂದೆ ಸರಕು ರೈಲು ಹಾದು ಹೋಗುತ್ತಿತ್ತು, ಅಪ್ಪ ಏನೋ ಕೂಗುತ್ತಿದ್ದರು, ಒಂದಕ್ಷರ ಕೇಳಲಿಲ್ಲ. ಐದು ನಿಮಿಷದ ಮೇಲೆ ಹದಿಮೂರು ಇಂಚಿನ ಬ್ಯಾಸ್ ಕೈಯಲ್ಲಿತ್ತು. ಕೈ ಒದ್ದೆ ಮಾಡಿಕೊಂಡು ಹಿಡಿದೆ, ಒಣ ಕೈಗೆ ಅದರ ಮೈಯ ಲೋಳೆ ಕಿತ್ತು ಬರುತ್ತದೆ. ನೀರಲ್ಲೇ ಕೊಕ್ಕೆ ಬಿಡಿಸಿದೆ. ಒಂದು ಕ್ಷಣ ಬೆರಳ ನಡುವೆ ನಿಂತಿದ್ದು, ಬಾಲ ಬಡಿದು ಹೋಯಿತು.

"ಬಿಡೋದಾದ್ರೆ ಹಿಡಿಯೋದ್ಯಾಕೆ?" ಅಂದರು ಅಪ್ಪ.

ನಾನು ಉತ್ತರ ಕೊಡಲಿಲ್ಲ, ದಾರ ನೋಡುತ್ತಿದ್ದೆ. ಜಿಗ್ಗಿನ ಮೇಲಿನ ನಾಲ್ಕು ಬೆರಳಷ್ಟು ದಾರ ಉಗುರಿಗೆ ತರಿತರಿ ಅನ್ನುತ್ತಿತ್ತು. ಕಲ್ಲು ಉಜ್ಜಿದೆ. ಅಷ್ಟನ್ನೂ ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ದಡದಲ್ಲಿ ಬಿಸಾಡಿದರೆ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಹೊಸದಾಗಿ ಜೋಡಿ ಮಡಚಿ, ಕಣ್ಣೊಳಗೆ ತೂರಿಸಿ, ಸಾದಾ ಗಂಟು ಹಾಕಿ, ಕುಣಿಕೆಯೊಳಗಿಂದ ಜಿಗ್ ದಾಟಿಸಿದೆ.

"ಎಂಜಲು ಹಚ್ಚಿದ್ಯೇನೇ?"

ಗಂಟು ಬಾಯಲ್ಲೇ ಇತ್ತು. ಹ್ಞೂಂ ಅಂದೆ.